ಹತ್ತಕ್ಕೆ ಹತ್ತು

ರಾಯಪುರಂ ಸ್ಟೇಷನ್ನಿನಿಂದ ಹಾರ್ಬರಿನ ಕಡೆ ನಡೆದರೆ ಎಡಗಡೆ ಸೀತಾನದಿ ಹೋಟೆಲು ಸಿಗುತ್ತದೆ. ಅಲ್ಲಿ ನಾನು ಇಪ್ಪತ್ತೆರಡು ವರ್ಷ ಕಾಫಿ ಕುಡಿದಿದ್ದೇನೆ. ಅಷ್ಟೂ ವರ್ಷ ನನ್ನ ಮೇಜಿಗೆ ಹೆಚ್ಚಾಗಿ ಬಂದ ಸಪ್ಲೈಯರ್ ಮಧ್ವರಾಜ. ನಾನು ಸುಲಭದ ಗಿರಾಕಿಯಲ್ಲ. ಕಾಫಿ ಆರಿದ್ದರೆ ವಾಪಸ್ಸು, ಡಿಕಾಕ್ಷನ್ ತೆಳ್ಳಗಿದ್ದರೆ ವಾಪಸ್ಸು, ಸಕ್ಕರೆ ಒಂದು ಚೂರು ಹೆಚ್ಚಾದರೂ ವಾಪಸ್ಸು. ಯಾಕೆ ವಾಪಸ್ಸು ಎಂದು ನಾಲ್ಕು ಜನರಿಗೆ ಕೇಳುವ ಹಾಗೆ ಹೇಳುವುದೂ ಉಂಟು. ನಾನು ಒಳಗೆ ಕಾಲಿಟ್ಟರೆ ಗಲ್ಲಾದಲ್ಲಿ ಕೂರುವ ಪದ್ಮನಾಭರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಾರೆ. ಮಧ್ವರಾಜರು ತಂದ ಕಾಫಿಯನ್ನು ಮಾತ್ರ ನಾನು ಒಮ್ಮೆಯೂ ವಾಪಸ್ಸು ಕಳಿಸಿದ್ದಿಲ್ಲ.

ಅವರು ಹೆಬ್ರಿ ಕಡೆಯವರು. ಹದಿನಾರನೇ ವಯಸ್ಸಿಗೆ ಮದ್ರಾಸಿಗೆ ಬಂದು ಸೀತಾನದಿ ಸೇರಿದವರು, ಐವತ್ತೊಂಬತ್ತಾದರೂ ಅಲ್ಲೇ ಇದ್ದರು. ಆ ಹೋಟೆಲಿನಲ್ಲಿ ಹಳೆಯ ಯಜಮಾನರ ಕಾಲದಿಂದ ಒಂದು ಕಟ್ಟಳೆ ಉಂಟು. ಸಪ್ಲೈಯರ್ ಕಾಗದದಲ್ಲಿ ಬರೆಯಬಾರದು. ಗಿರಾಕಿ ಹೇಳಿದ್ದನ್ನು ಅವರ ಎದುರಿಗೇ ಒಮ್ಮೆ ತಿರುಗಿ ಹೇಳಬೇಕು, ಆಮೇಲೆ ಒಳಗೆ ಹೋಗಬೇಕು. "ಎರಡು ಇಡ್ಲಿ, ಒಂದು ವಡೆ, ಒಂದು ಕಾಫಿ." ಉಳಿದ ಸಪ್ಲೈಯರುಗಳು ಕೇಳಿದ್ದಷ್ಟನ್ನೇ ತಿರುಗಿಸಿ ಹೇಳುತ್ತಿದ್ದರು. ಮಧ್ವರಾಜರು ಗಿರಾಕಿ ಹೇಳದೇ ಬಿಟ್ಟದ್ದನ್ನೂ ಸೇರಿಸಿ ಹೇಳುತ್ತಿದ್ದರು. ನಾನು "ಒಂದು ಕಾಫಿ" ಎಂದರೆ ಅವರು "ಒಂದು ಕಾಫಿ, ಸ್ಟ್ರಾಂಗ್, ಸಕ್ರೆ ಅರ್ಧ" ಎನ್ನುತ್ತಿದ್ದರು. ನನ್ನ ಹೆಂಡತಿಗೆ ನನ್ನ ಸಕ್ಕರೆಯ ಲೆಕ್ಕ ಇನ್ನೂ ಗೊತ್ತಿಲ್ಲ.

ಎಂಟು ಮೇಜು, ಮೂವತ್ತೆರಡು ಕುರ್ಚಿ ಅವರ ತಲೆಯಲ್ಲಿ ಕೂತಿದ್ದವು. ಒಮ್ಮೆ ತಿರುವೊಟ್ಟಿಯೂರು ದೇವಸ್ಥಾನದಿಂದ ಒಂದು ಬಸ್ಸು ಜನ ಬಂದು ಇಳಿದರು. ಅಷ್ಟೂ ಜನರಿಗೆ ಅವರವರು ಹೇಳಿದ್ದು ಸರಿಯಾಗಿಯೇ ಬಂತು. ಒಬ್ಬ ಮಾತ್ರ ತಾನು ಪೂರಿ ಹೇಳಲೇ ಇಲ್ಲ ಎಂದು ಜಗಳ ತೆಗೆದ. ಮಧ್ವರಾಜರು ತಣ್ಣಗೆ, "ನೀವು ಪೂರಿ ಅಂತಲೇ ಹೇಳಿದ್ದು. ಆಗ ನಿಮ್ಮ ಮನೆಯವ್ರು ನಿಮ್ಮನ್ನ ದಿಟ್ಟಿಸಿ ಕಂಡ್ರು. ನಿಮಗೆ ಇಡ್ಲಿ ಅಂತ ಬದಲಾಯಿಸ್ಬೇಕು ಅನ್ಸಿತು, ಆದ್ರೆ ಹೇಳ್ಲಿಲ್ಲ" ಎಂದು ತಮಿಳಿನಲ್ಲಿ ಹೇಳಿದರು. ಆ ಹೆಂಗಸು ಹೌದು ಎಂದಳು. ಅವನು ಪೂರಿ ತಿಂದ.

ಈ ತಿರುಗಿ ಹೇಳುವ ಅಭ್ಯಾಸ ಅವರ ಜೊತೆ ಮನೆಗೂ ಹೋಗಿತ್ತು. ಹೆಂಡತಿ ರತ್ನಾವತಿಯವರು "ಅರ್ಧ ಲೀಟ್ರು ಹಾಲು ತನ್ನಿ" ಎಂದರೆ ಇವರು ಬಾಗಿಲಲ್ಲಿ ನಿಂತು "ಹಾಲು ಅರ್ಧ ಲೀಟ್ರು" ಎಂದು ಹೇಳಿಯೇ ಚಪ್ಪಲಿ ಮೆಟ್ಟುವುದು. "ಮೂವತ್ತು ವರ್ಷ ಆಯ್ತು ಸಾರ್, ನಾ ಹೇಳಿದ್ದನ್ನೇ ನಂಗೆ ವಾಪಸ್ ಕೊಡ್ತ್ರು. ನಾ ಎಂತ ಗಿರಾಕಿಯಾ?" ಎಂದು ಅವರು ನನ್ನ ಹತ್ತಿರ ದೂರಿದ್ದರು. ಮಗಳು ಪ್ರಣಮ್ಯಾ ಪೆರುಂಗುಡಿಯ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದಾಳೆ. ಅಪ್ಪ ಅಮ್ಮ ಕನ್ನಡದಲ್ಲಿ ಮಾತಾಡಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಕನ್ನಡ ಓದಲಿಕ್ಕೆ ಬರುವುದಿಲ್ಲ.

ಎರಡು ವರ್ಷದ ಹಿಂದೆ ಮಧ್ವರಾಜರ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಪರೀಕ್ಷೆ ಮಾಡಿಸಿದಾಗ ಲಿಂಫೋಮಾ ಎಂದರು, ರಕ್ತದ ಬಿಳಿ ಕಣಗಳಲ್ಲಿ ಹುಟ್ಟುವ ಕ್ಯಾನ್ಸರು. ಎರಡು ಸಲ ಕೀಮೋ ಆಯಿತು. ಎರಡು ಸಲವೂ ಗಂಟು ಹೋಯಿತು, ಎರಡು ಸಲವೂ ವಾಪಸ್ಸು ಬಂತು. ಆಗ ಪೆರುಂಗುಡಿ ಕಡೆಯ ಒಂದು ದೊಡ್ಡ ಆಸ್ಪತ್ರೆಯವರು ಹೊಸ ಚಿಕಿತ್ಸೆಯ ಅಧ್ಯಯನಕ್ಕೆ ಅವರನ್ನು ಸೇರಿಸಿಕೊಂಡರು. ಔಷಧಿಗೆ ದುಡ್ಡು ಕೊಡಬೇಕಾಗಿಲ್ಲ. ಡಾಕ್ಟರ ಹೆಸರು ವರುಣ್, ಮೂವತ್ತೈದರ ಆಸುಪಾಸಿನವರು, ತಮಿಳರು. ಅವರು ಹೇಳಿದ್ದನ್ನು ನಾನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಮೈಯಲ್ಲಿ ರೋಗದ ಜೊತೆ ಹೊಡೆದಾಡುವ ಕಣಗಳಿರುತ್ತವೆ. ಅವನ್ನು ರಕ್ತದಿಂದ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಅಲ್ಲಿ ಕ್ಯಾನ್ಸರಿನ ಕಣ ಯಾವುದು ಎಂದು ಗುರುತಿಸುವ ಹಾಗೆ ಅವನ್ನು ತಿದ್ದಿ, ಬೆಳೆಸಿ, ಕೆಲವು ವಾರದ ಮೇಲೆ ವಾಪಸ್ಸು ಮೈಗೆ ಹರಿಸುತ್ತಾರೆ. ಇಷ್ಟನ್ನು ಕೇಳಿ ಮಧ್ವರಾಜರು, "ನಮ್ದೇ ಸಾಮಾನು, ಪಾರ್ಸಲ್ ಆಗಿ ವಾಪಸ್" ಎಂದರು. ಡಾಕ್ಟರು ನಕ್ಕು, ಸುಮಾರಾಗಿ ಹಾಗೆಯೇ ಎಂದರು.

ಆಮೇಲೆ ನಗುವ ವಿಷಯ ಇರಲಿಲ್ಲ. ಕಣ ಹಾಕಿದ ಕೆಲವು ದಿನದಲ್ಲಿ ಜ್ವರ ಬರಬಹುದು, ಅದಕ್ಕೆ ಮದ್ದುಂಟು. ಅದರ ಹಿಂದೆಯೇ ತಲೆಗೂ ತೊಂದರೆ ಬರಬಹುದು. ಕೆಲವರಿಗೆ ಮಾತು ತಡವರಿಸುತ್ತದೆ, ಎದುರಿಗಿರುವ ವಸ್ತುವಿನ ಹೆಸರು ಬಾಯಿಗೆ ಬರುವುದಿಲ್ಲ, ಕೈಬರಹ ಕೆಡುತ್ತದೆ, ಅಪರೂಪಕ್ಕೆ ಫಿಟ್ಸ್ ಬರುತ್ತದೆ. ಹೆಚ್ಚಿನವರಿಗೆ ಕೆಲವು ದಿನದಲ್ಲಿ ಸರಿಹೋಗುತ್ತದೆ.

"ಹೆಚ್ಚಿನವ್ರಿಗೆ" ಎಂದರು ಮಧ್ವರಾಜರು. ಕೇಳಿದ್ದನ್ನು ತಿರುಗಿ ಹೇಳುವುದು ಅವರ ಅಭ್ಯಾಸ.

ವಾಪಸ್ಸು ಬರುವಾಗ ಟ್ಯಾಕ್ಸಿಯಲ್ಲಿ ಅವರು ನನಗೆ ಹೇಳಿದರು: "ಸಾರ್, ಗಂಟು ಇಪ್ಪುದು ಕುತ್ತಿಗೆಯಲ್ಲಿ. ಕೆಲ್ಸ ಇಪ್ಪುದು ತಲೆಯಲ್ಲಿ. ಕುತ್ತಿಗೆ ಸರಿ ಮಾಡೂಕೆ ಹೋಗಿ ತಲೆ ಹೋದ್ರೆ ನಾ ಎಂತ ಮಾಡೂದು? ಟೇಬಲ್ ಒರ್ಸೂದಾ?"

ನಾನು ಯಾಕೆ ಆ ಟ್ಯಾಕ್ಸಿಯಲ್ಲಿದ್ದೆ ಎಂದು ಕೇಳಬಹುದು. ನನ್ನ ಹೆಸರು ಗುರುಚರಣ, ಹಾರ್ಬರಿನಲ್ಲಿ ಸರಕು ಬಿಡಿಸುವ ಆಫೀಸೊಂದರಲ್ಲಿ ಹೆಡ್ ಕ್ಲರ್ಕು. ನಮ್ಮದು ಐದು ತಲೆಮಾರಿನಿಂದ ಮದ್ರಾಸಿನಲ್ಲಿ ನೆಲೆಸಿದ ಮಾಧ್ವರ ಮನೆ. ನಮ್ಮ ಕನ್ನಡದಲ್ಲಿ ಅರ್ಧ ತಮಿಳು ಎಂದು ಮಧ್ವರಾಜರು ನಗುತ್ತಿದ್ದರು. ಇಂಗ್ಲಿಷಿನ ಕಾಗದಪತ್ರ ಓದಿ ಅರ್ಥ ಹೇಳಲಿಕ್ಕೆ ಅವರಿಗೆ ಒಬ್ಬರು ಬೇಕಾಗಿದ್ದರು. ಯಾರೂ ಕೇಳದೆಯೇ ನಾನು ಮುಂದೆ ಬಂದೆ. ಓದುವುದು, ಅರ್ಥ ಮಾಡಿಕೊಳ್ಳುವುದು ನನ್ನ ಕೆಲಸ ಎಂಬ ಜಂಬ ನನಗೆ ಮೊದಲಿನಿಂದಲೂ ಉಂಟು.

ಆಸ್ಪತ್ರೆಗೆ ಸೇರಿಸಿದ ದಿನ ಮಧ್ಯಾಹ್ನ ಒಬ್ಬ ನರ್ಸ್ ಬಂದು ಮಧ್ವರಾಜರಿಗೆ ಒಂದು ಪರೀಕ್ಷೆ ಮಾಡಿದಳು. ಇನ್ನು ಮುಂದೆ ದಿನಕ್ಕೆ ಎರಡು ಸಲ ಇದೇ ಪರೀಕ್ಷೆ, ತಲೆ ಸರಿಯಾಗಿದೆಯೇ ಎಂದು ನೋಡಲಿಕ್ಕೆ ಎಂದಳು. ಒಟ್ಟು ಹತ್ತು ಮಾರ್ಕು. ಈಗ ಯಾವ ವರ್ಷ, ಯಾವ ತಿಂಗಳು, ಇದು ಯಾವ ಊರು, ಯಾವ ಆಸ್ಪತ್ರೆ, ಇದಕ್ಕೆ ನಾಲ್ಕು. ಜೇಬಿನಿಂದ ಪೆನ್ನು, ವಾಚು, ಕೀ ತೆಗೆದು ತೋರಿಸಿ ಹೆಸರು ಕೇಳುವುದಕ್ಕೆ ಮೂರು. ಎರಡು ಬೆರಳು ತೋರಿಸಿ ಎಂದಾಗ ತೋರಿಸಿದರೆ ಒಂದು. ಕಾಗದದಲ್ಲಿ ಒಂದು ವಾಕ್ಯ ಬರೆದರೆ ಒಂದು. ನೂರರಿಂದ ಹತ್ತು ಹತ್ತು ಕಳೆಯುತ್ತ ಕೆಳಗೆ ಬಂದರೆ ಒಂದು.

ಮಧ್ವರಾಜರು ಊರು ಮದ್ರಾಸು ಎಂದರು. ನರ್ಸ್ ಅದನ್ನೂ ಸರಿ ಎಂದು ಬರೆದುಕೊಂಡಳು. ಅವಳು ಹೋದ ಮೇಲೆ ನಾನು ಬಾಗಿಲು ಹಾಕಿದೆ.

ಇಲ್ಲಿಂದ ಮುಂದಿನದಕ್ಕೆ ನಾನೇ ಹೊಣೆ. ಎರಡು ರಾತ್ರಿ ಮೊಬೈಲಿನಲ್ಲಿ ಈ ಚಿಕಿತ್ಸೆಯ ಬಗ್ಗೆ ಓದಿಕೊಂಡಿದ್ದೆ. ಮಾರ್ಕು ಕಡಿಮೆಯಾದರೆ ಸ್ಟೀರಾಯ್ಡ್ ಕೊಡುತ್ತಾರೆ ಎಂದು ಅದರಲ್ಲಿತ್ತು. ಸ್ಟೀರಾಯ್ಡ್ ಕೊಟ್ಟರೆ ಹೊಸದಾಗಿ ಹಾಕಿದ ಕಣಗಳು ಸೋತುಹೋಗಬಹುದೇ ಎಂದು ಯಾರೋ ಎಲ್ಲೋ ಕೇಳಿದ್ದರು. ಯಾರು ಉತ್ತರ ಕೊಟ್ಟಿದ್ದರು ಎಂದು ನಾನು ನೋಡಲಿಲ್ಲ. ಪ್ರಶ್ನೆಯನ್ನೇ ಉತ್ತರ ಎಂದುಕೊಂಡೆ. ಓದುವ ಕಾಲದ ಒಂದು ಪರೀಕ್ಷೆಯಲ್ಲಿ ನಾನು ಎರಡು ಸಲ ಫೇಲಾಗಿ ಮೂರನೇ ಸಲ ಹಳೆಯ ಪ್ರಶ್ನೆಪತ್ರಿಕೆ ಬಾಯಿಪಾಠ ಮಾಡಿ ಪಾಸು ಮಾಡಿದವನು. ಪರೀಕ್ಷೆ ಎಂದರೆ ನನಗೆ ತಿಳಿದಿರುವುದು ಅಷ್ಟೇ.

"ಮಧ್ವರಾಜ್, ಇದುಲ ಮಾರ್ಕ್ ಹೋಗಕೂಡದು" ಎಂದೆ. "ಹೋದ್ರೆ ಔಷಧಿ ಕೊಟ್ಟು ನಿಮ್ಮ ಕಣಾನೆಲ್ಲ ಮಲಗಿಸ್ಬಿಡ್ತಾರೆ. ಇಷ್ಟು ಕಷ್ಟಪಟ್ಟಿದ್ದು ವೇಸ್ಟ್."

"ಮಾರ್ಕ್ ಹೋಪುಕಾಗ" ಎಂದರು ಅವರು. ಅವರ ಮುಖದಲ್ಲಿ ಮೊದಲ ಸಲ ಹೆದರಿಕೆ ಹೋಗಿ ಕೆಲಸ ಸಿಕ್ಕಿದ ಲಕ್ಷಣ ಕಂಡಿತು. ಬಾಯಿಪಾಠ ಎಂದರೆ ಅವರಿಗೂ ಗೊತ್ತಿದ್ದ ವಿದ್ಯೆ. ನಾನು ಒಂದು ಲಕೋಟೆಯ ಹಿಂದೆ ಎಲ್ಲವನ್ನೂ ಕ್ರಮವಾಗಿ ಬರೆದುಕೊಟ್ಟೆ. ಮದ್ರಾಸು ಬೇಡ, ಚೆನ್ನೈ ಎನ್ನಿ ಎಂದು ತಿದ್ದಿದೆ. ವಾಕ್ಯವನ್ನೂ ನಾನೇ ರಚಿಸಿದೆ: "ನಾನು ಸೀತಾನದಿ ಹೋಟೆಲಿನಲ್ಲಿ ಕೆಲಸ ಮಾಡುತ್ತೇನೆ." ಮೂರು ಸಲ ಒಪ್ಪಿಸಿದರು. ಮೂರನೇ ಸಲ ತಿಂಡಿಯ ಪಟ್ಟಿ ಹೇಳುವ ರಾಗದಲ್ಲಿ, ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಎರಡು ಸಾವಿರದ ಇಪ್ಪತ್ತೈದು, ಜುಲೈ, ಚೆನ್ನೈ, ಆಸ್ಪತ್ರೆಯ ಹೆಸರು, ಪೆನ್ನು, ವಾಚು, ಕೀ. ರತ್ನಾವತಿಯವರಿಗೆ ಲಕೋಟೆ ಕೊಟ್ಟು, ಬೆಳಗ್ಗೆ ನರ್ಸ್ ಬರುವ ಮೊದಲು ಒಂದು ಸಲ ಹೇಳಿಸಿ ಎಂದೆ. ಬೆನ್ನು ತಟ್ಟಿಕೊಳ್ಳುತ್ತ ಮನೆಗೆ ಹೋದೆ.

ಕಣ ಹಾಕಿದ್ದು ಒಂದು ಸೋಮವಾರ. ಸಣ್ಣ ಚೀಲ, ಹತ್ತು ನಿಮಿಷದ ಕೆಲಸ. ಗುರುವಾರ ಜ್ವರ ಬಂತು, ಇಂಜೆಕ್ಷನ್ ಕೊಟ್ಟರು, ಇಳಿಯಿತು. ಮಾರ್ಕು ಹತ್ತಕ್ಕೆ ಹತ್ತು. ಶುಕ್ರವಾರ ಹತ್ತಕ್ಕೆ ಹತ್ತು. ಶನಿವಾರವೂ ಹತ್ತಕ್ಕೆ ಹತ್ತು. ರತ್ನಾವತಿಯವರು ಬೆಳಗ್ಗೆ ಫೋನು ಮಾಡಿ ಹೇಳುತ್ತಿದ್ದರು, ನಾನು ಸೀತಾನದಿಗೆ ಹೋಗಿ ಹೇಳುತ್ತಿದ್ದೆ. ಪದ್ಮನಾಭರು ಪೇಪರು ಇಳಿಸಿ ಕೇಳುತ್ತಿದ್ದರು. ಭಾನುವಾರ ಬೆಳಗ್ಗೆಯೂ ಹತ್ತು ಬಂದಾಗ ಅಡುಗೆಯವರು ನನ್ನ ಮೇಜಿಗೆ ಕೇಳದೆಯೇ ಒಂದು ಪ್ಲೇಟು ಕೇಸರಿಬಾತು ಕಳಿಸಿದರು. ನಾನು ಅದನ್ನು ಸಂಕೋಚವಿಲ್ಲದೆ ತಿಂದೆ.

ಆ ಬೆಳಗ್ಗೆ ಆಸ್ಪತ್ರೆಯಲ್ಲಿ ನಡೆದದ್ದನ್ನು ರತ್ನಾವತಿಯವರು ಆಮೇಲೆ ಹೇಳಿದರು. ನರ್ಸ್ ಬಂದು ಈಗ ಯಾವ ವರ್ಷ ಎಂದು ಕೇಳಿದಳು. ಮಧ್ವರಾಜರು ವರ್ಷ ಹೇಳಿ ಅಲ್ಲಿಗೆ ನಿಲ್ಲಲಿಲ್ಲ. ಜುಲೈ, ಚೆನ್ನೈ, ಆಸ್ಪತ್ರೆ, ಪೆನ್ನು, ವಾಚು, ಕೀ ಎಂದು ಕೊನೆಯವರೆಗೂ ಹೇಳಿ, ಎರಡು ಬೆರಳನ್ನೂ ತೋರಿಸಿ, ನೂರು ತೊಂಬತ್ತು ಎಂಬತ್ತು ಎಂದು ಹತ್ತರವರೆಗೂ ಇಳಿದರು. ನರ್ಸಿನ ಕೈ ಇನ್ನೂ ಜೇಬಿನಲ್ಲಿತ್ತು. ಅವಳು ನಕ್ಕು, ತಾತ ಇವತ್ತು ಭಾರಿ ಚುರುಕು ಎಂದು ಹತ್ತು ಬರೆದಳು. ಕಾಗದದ ಮೇಲೆ ಕನ್ನಡದಲ್ಲಿ ಏನೋ ಇತ್ತು, ಅದಕ್ಕೂ ಒಂದು ಮಾರ್ಕು ಹಾಕಿದಳು. ರತ್ನಾವತಿಯವರಿಗೂ ಖುಷಿಯಾಯಿತು.

ಹನ್ನೊಂದು ಗಂಟೆಗೆ ಅವರು ಫ್ಲಾಸ್ಕು ಹಿಡಿದು ಎದ್ದು, "ಹ್ವಾಯ್, ನಿಮಗೊಂದು ಕಾಫಿ ತರ್ಲಾ?" ಎಂದರು.

"ಹ್ಞೂಂ" ಎಂದರು ಮಧ್ವರಾಜರು.

ರತ್ನಾವತಿಯವರು ಲಿಫ್ಟಿನ ತನಕ ಹೋದರು. ಲಿಫ್ಟು ಬಂತು, ಬಾಗಿಲು ತೆರೆಯಿತು, ಮುಚ್ಚಿತು. ಅವರು ಹತ್ತಲಿಲ್ಲ. ವಾಪಸ್ಸು ಬಂದು ಮಂಚದ ಪಕ್ಕ ನಿಂತು, "ಎರಡು ಬಿಸ್ಕೆಟು, ಒಂದು ಕಾಫಿ ತರ್ತೆ" ಎಂದರು. "ಹ್ಞೂಂ." "ಚಾದರ ಬೇಕಾ?" "ಹ್ಞೂಂ." "ಕಿಟಕಿ ಹಾಕ್ಲಾ?" "ಹ್ಞೂಂ."

ಮೂವತ್ತು ವರ್ಷದಲ್ಲಿ ಆ ಮನುಷ್ಯ ಹೆಂಡತಿಗೆ ಬರೀ ಹ್ಞೂಂ ಎಂದದ್ದಿಲ್ಲ.

ಅವರು ಹೊರಗೆ ಬಂದು ನನಗೆ ಫೋನು ಮಾಡಿದರು. ನಾನು ಆಗಷ್ಟೇ ಕೇಸರಿಬಾತು ಮುಗಿಸಿ ಕೈ ತೊಳೆಯುತ್ತಿದ್ದೆ.

"ಸಾರ್, ಇವ್ರು ವಾಪಸ್ ಹೇಳ್ತಾ ಇಲ್ಲ" ಎಂದರು.

ನನಗೆ ತಕ್ಷಣ ಅರ್ಥವಾಯಿತು. ಅರ್ಥವಾಗಲಿಲ್ಲ ಎಂದು ಬರೆದರೆ ನನಗೆ ಅನುಕೂಲ, ಆದರೆ ಅದು ಸುಳ್ಳು. "ಸುಸ್ತು ಇರ್ಬೋದು. ಬೆಳಗ್ಗೆ ಹತ್ತು ಬಂದಿದೆಯಲ್ಲ" ಎಂದೆ.

"ಆ ಹತ್ತು ನೀವು ಹೇಳಿಕೊಟ್ಟದ್ದು ಸಾರ್. ದಿನಾ ನಾ ಹೇಳ್ಸಿದ್ದು. ಇವ್ರದ್ದಲ್ಲ." ಅವರ ದನಿ ಏರಲಿಲ್ಲ. "ಡಾಕ್ಟ್ರಿಗೆ ಹೇಳ್ಕಲ್ದಾ?"

ಬೇಡ ಎನ್ನುವುದು ನನ್ನ ಬಾಯಿಗೆ ಬಂದಿತ್ತು. ಸ್ಟೀರಾಯ್ಡ್ ಕೊಡುತ್ತಾರೆ, ಕಣ ಹಾಳಾಗುತ್ತದೆ, ಇನ್ನೆರಡು ದಿನ ನೋಡೋಣ ಎನ್ನುವುದು ನಾಲಗೆಯ ತುದಿಯಲ್ಲಿತ್ತು. ಅದರ ಹಿಂದೆ ಇನ್ನೊಂದು ಇತ್ತು. ಹೇಳಿದರೆ ನನ್ನ ಮರ್ಯಾದೆ ಹೋಗುತ್ತದೆ. ಎರಡರಲ್ಲಿ ಯಾವುದು ದೊಡ್ಡದಾಗಿತ್ತು ಎಂದು ಇವತ್ತಿಗೂ ನನಗೆ ಖಾತ್ರಿಯಿಲ್ಲ. ರತ್ನಾವತಿಯವರು ನನ್ನ ಉತ್ತರಕ್ಕೆ ಕಾಯದೆ ಫೋನು ಇಟ್ಟು ನರ್ಸಿನ ಮೇಜಿಗೆ ನಡೆದರು.

ಅವರಿಗೆ ಹತ್ತನೇ ಕ್ಲಾಸು ಕೂಡ ಆಗಿಲ್ಲ. ತಮಿಳು ಮಾರ್ಕೆಟ್ಟಿನಲ್ಲಿ ಕಲಿತದ್ದು. ನರ್ಸ್ ಚಾರ್ಟು ತೋರಿಸಿ, ಅಮ್ಮಾ ಹತ್ತು ಇದೆ, ಗಾಬರಿ ಬೇಡ ಎಂದಳು. ಇವರು ಅಲ್ಲೇ ನಿಂತರು. ಎರಡನೇ ಸಲ ಹೇಳಿದಾಗಲೂ ನಿಂತರು. ಸ್ವಲ್ಪ ಹೊತ್ತಿಗೆ ಡಾಕ್ಟರು ವರುಣ್ ಬಂದಾಗ ಲಕೋಟೆಯನ್ನು ಅವರ ಕೈಯಲ್ಲಿಟ್ಟು, ಇದು ನಾವು ಬಾಯಿಪಾಠ ಮಾಡಿಸಿದ್ದು, ತಪ್ಪಾಯಿತು, ನನ್ನ ಗಂಡನನ್ನು ಈಗ ನೀವೇ ಕೇಳಿ ನೋಡಿ ಎಂದರು.

ಡಾಕ್ಟರು ಲಕೋಟೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಒಳಗೆ ಹೋದರು. ವರ್ಷ ಕೇಳಲಿಲ್ಲ. ಮೊದಲೇ ಕೀಯನ್ನು ತೆಗೆದು ಕಣ್ಣೆದುರು ಹಿಡಿದು, ಇದೇನು ಎಂದು ಕೇಳಿದರು.

"ಪೆನ್ನು" ಎಂದರು ಮಧ್ವರಾಜರು.

ಡಾಕ್ಟರು ಸುತ್ತ ನೋಡಿದರು. ರತ್ನಾವತಿಯವರ ಕೈಯಲ್ಲಿ ಫ್ಲಾಸ್ಕಿನ ಜೊತೆ ಕಾಫಿಯ ಖಾಲಿ ಸ್ಟೀಲು ಲೋಟ ಇತ್ತು. ಅದನ್ನು ಇಸಿದುಕೊಂಡು ತೋರಿಸಿದರು.

"ವಾಚು" ಎಂದರು ಮಧ್ವರಾಜರು. ತಪ್ಪು ಹೇಳುತ್ತಿದ್ದೇನೆ ಎಂಬ ಅನುಮಾನ ಅವರ ಮುಖದಲ್ಲಿ ಇರಲಿಲ್ಲ. ನಲವತ್ತಮೂರು ವರ್ಷ ದಿನಕ್ಕೆ ಇನ್ನೂರು ಮುನ್ನೂರು ಲೋಟ ಎತ್ತಿದ ಕೈ ಅದನ್ನು ತೆಗೆದುಕೊಳ್ಳಲಿಕ್ಕೆ ಮುಂದೆ ಬರಲಿಲ್ಲ. ಏನೂ ಹೇಳದೆ ಸುಮ್ಮನಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ, ಲೋಟವನ್ನು ವಾಚು ಎಂದಾಗ ಆಗಲಿಲ್ಲ ಎಂದು ರತ್ನಾವತಿಯವರು ನನಗೆ ಹೇಳಿದರು. ಅವರು ಗೋಡೆಯ ಕಡೆ ತಿರುಗಿ ಅತ್ತರು.

ಐವತ್ತರಿಂದ ಕೆಳಗೆ ಎಣಿಸಿ ಎಂದರೆ ನೂರು, ತೊಂಬತ್ತು ಎಂದು ಶುರು ಮಾಡಿದರು. ನಾಲಗೆ ತೋರಿಸಿ ಎಂದರೆ ಎರಡು ಬೆರಳು ತೋರಿಸಿದರು. ಡಾಕ್ಟರು ಸೋಮವಾರದಿಂದ ಈಚಿನ ಕಾಗದಗಳನ್ನು ತರಿಸಿ ಮಂಚದ ಮೇಲೆ ಸಾಲಾಗಿ ಹಾಸಿದರು. ಎಲ್ಲದರಲ್ಲೂ ನನ್ನ ವಾಕ್ಯವೇ. ಶುಕ್ರವಾರದ ತನಕ ಅಕ್ಷರ ದುಂಡಗಿತ್ತು. ಶನಿವಾರ ಸಾಲು ಕೆಳಗೆ ಜಾರಿತ್ತು. ಭಾನುವಾರ ವಾಕ್ಯದಲ್ಲಿ ಹೋಟೆಲು ಎಂಬ ಪದದ ನಂತರ ಬರೀ ಗೀರುಗಳಿದ್ದವು. ನರ್ಸಿಗೆ ಕನ್ನಡ ಬಾರದು, ಕನ್ನಡ ಹೀಗೆಯೇ ಇರಬೇಕು ಎಂದುಕೊಂಡಿದ್ದಳು. ರತ್ನಾವತಿಯವರು ನೋಡಿದ್ದರು, ಕೈಗೆ ಸೂಜಿ ಚುಚ್ಚಿದ್ದಕ್ಕೆ ಹೀಗಾಗಿದೆ ಎಂದುಕೊಂಡಿದ್ದರು. ನಿಜವಾದ ಮಾರ್ಕು ಮೂರು ಎಂದು ಡಾಕ್ಟರು ಬರೆದರು. ಅರ್ಧ ಗಂಟೆಯೊಳಗೆ ಸ್ಟೀರಾಯ್ಡ್ ಶುರುವಾಯಿತು, ಮಧ್ವರಾಜರನ್ನು ಐಸಿಯುಗೆ ಸಾಗಿಸಿದರು. ಮಂಚ ತಳ್ಳುವಾಗ ಅವರು ಪಕ್ಕದಲ್ಲಿ ನಡೆಯುತ್ತಿದ್ದ ಹೆಂಡತಿಯನ್ನು ನೋಡಿ, "ಎನ್ನಮ್ಮಾ ವೇಣುಂ?" ಎಂದು ತಮಿಳಿನಲ್ಲಿ ಬಹಳ ಮರ್ಯಾದೆಯಿಂದ ಕೇಳಿದರಂತೆ. ಏನು ಬೇಕಮ್ಮಾ ಎಂದು. ಗುರುತಿಲ್ಲದ ಗಿರಾಕಿಯನ್ನು ಅವರು ಹಾಗೆ ಕೇಳುತ್ತಿದ್ದರು.

ನಾನು ಮಧ್ಯಾಹ್ನ ಎರಡು ಗಂಟೆಗೆ ಆಸ್ಪತ್ರೆ ಮುಟ್ಟಿದೆ. ಬೆಂಚಿನ ಮೇಲೆ ರತ್ನಾವತಿಯವರೂ ಪ್ರಣಮ್ಯಾಳೂ ಕೂತಿದ್ದರು. ಕೂತ್ಕೊಳ್ಳಿ ಎಂದು ಯಾರೂ ಹೇಳಲಿಲ್ಲ. ನಾನು ನಿಂತೇ ಇದ್ದೆ. ಡಾಕ್ಟರು ಹೊರಗೆ ಬಂದಾಗ ನಾನಾಗಿಯೇ ಮುಂದೆ ಹೋಗಿ, ಲಕೋಟೆ ನನ್ನದು ಎಂದೆ.

"ನಿಮ್ಮ ಹತ್ತಿರ ಒಪ್ಪಿಸುವಾಗ ಎಷ್ಟು ತೆಗೆದರು?" ಎಂದು ಕೇಳಿದರು.

"ಹತ್ತು."

"ಒಳ್ಳೆ ಮೇಷ್ಟ್ರು ನೀವು" ಎಂದರು. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ನಿಧಾನವಾಗಿ ವಿವರಿಸಿದರು. ಈ ಪರೀಕ್ಷೆಯಲ್ಲಿ ಪಾಸು ಫೇಲು ಇಲ್ಲ. ಹೊಗೆ ಎಲ್ಲಿ ಎದ್ದಿತು ಎಂದು ನೋಡುವುದು ಅಷ್ಟೇ. ಹೊಸ ಕಣಗಳು ಕೆಲಸ ಮಾಡುವ ಗಲಾಟೆಯಲ್ಲಿ ಮೆದುಳಿಗೂ ಉರಿ ತಾಗುತ್ತದೆ. ಬೇಗ ಗೊತ್ತಾದರೆ ಕೆಲವು ದಿನದ ಸ್ಟೀರಾಯ್ಡಿನಲ್ಲಿ ಇಳಿಸಬಹುದು, ಅಷ್ಟಕ್ಕೆ ಕಣಗಳು ಕೆಲಸ ಬಿಟ್ಟು ಮಲಗುವುದಿಲ್ಲ. ತಡವಾದರೆ ಮೆದುಳು ಬಾತುಕೊಳ್ಳುತ್ತದೆ. ಈಗ ತಡವಾಗಿದೆಯೇ ಎಂದು ಕೇಳಿದೆ. ನಾಳೆ ಸಂಜೆ ಗೊತ್ತಾಗುತ್ತದೆ, ಆ ಅಮ್ಮ ಇವತ್ತು ಹಟ ಹಿಡಿದು ನಿಲ್ಲದಿದ್ದರೆ ನಾಳೆ ಕೇಳುವುದಕ್ಕೂ ಏನೂ ಇರುತ್ತಿರಲಿಲ್ಲವೇನೋ ಎಂದು ಹೇಳಿ ಒಳಗೆ ಹೋದರು.

ಪ್ರಣಮ್ಯಾ ಅಷ್ಟು ಹೊತ್ತು ನೆಲ ನೋಡುತ್ತಿದ್ದವಳು ತಲೆ ಎತ್ತಿ, "ಅಂಕಲ್, ಇನಿಮೇ ನೀಂಗ ಎದುವುಂ ಪಡಿಕ್ಕಾದೀಂಗ" ಎಂದಳು. ಇನ್ನು ಮುಂದೆ ನೀವು ಏನನ್ನೂ ಓದಬೇಡಿ ಎಂದು. ಆಗಲಿ ಎಂದೆ. ನನ್ನ ಅರವತ್ತು ವರ್ಷದಲ್ಲಿ ನನಗೆ ಯಾರೂ ಹೇಳದ ಮಾತು ಅದು, ಬೇಕಾಗಿದ್ದದ್ದೂ ಹೌದು.

ಸೋಮವಾರ ಸಂಜೆ ಏನೂ ಗೊತ್ತಾಗಲಿಲ್ಲ. ಮಧ್ವರಾಜರು ಕಣ್ಣು ಬಿಡುತ್ತಿದ್ದರು, ಮಾತಿರಲಿಲ್ಲ. ಬಾಯಿಪಾಠ ಮಾಡಿದ್ದು ಕೂಡ ಹೋಗಿತ್ತು, ನೂರೂ ಇಲ್ಲ, ಪೆನ್ನೂ ಇಲ್ಲ. ಮಾರ್ಕು ಸೊನ್ನೆ. ಮಂಗಳವಾರವೂ ಸೊನ್ನೆ. ಈ ಎರಡು ದಿನ ನಾನು ಸೀತಾನದಿಗೆ ಹೋಗಲಿಲ್ಲ. ಅಲ್ಲಿ ಏನೆಂದು ಹೇಳುವುದು? ಆಫೀಸಿನಲ್ಲಿ ಕಾಗದಗಳನ್ನು ನೋಡುತ್ತ ಕೂತೆ, ಒಂದು ಅಕ್ಷರ ತಲೆಗೆ ಹೋಗಲಿಲ್ಲ. ನನ್ನಿಂದ ಒಬ್ಬ ಮನುಷ್ಯನ ತಲೆ ಹೋಯಿತು ಎಂದು ಮನಸ್ಸು ಅದನ್ನೇ ಹೇಳುತ್ತಿತ್ತು.

ಬುಧವಾರ ಡಾಕ್ಟರು ಎರಡು ಬೆರಳು ತೋರಿಸಿ ಎಂದಾಗ ಎರಡು ಬೆರಳು ಎದ್ದವು. ಮಾರ್ಕು ಒಂದು. ರತ್ನಾವತಿಯವರು ನನಗೆ ಫೋನು ಮಾಡಲಿಲ್ಲ, ಪ್ರಣಮ್ಯಾ ಮೆಸೇಜು ಕಳಿಸಿದಳು. ಗುರುವಾರ ಬೆಳಗ್ಗೆ ಕೇಳಿದ್ದಕ್ಕೆ ಊರಿನ ಹೆಸರು ಹೇಳಿದರು. ಮದ್ರಾಸು ಎಂದರು. ಅದಕ್ಕೂ ಮಾರ್ಕು ಸಿಕ್ಕಿತು, ಆದರೆ ರತ್ನಾವತಿಯವರಿಗೆ ಮಾರ್ಕಿನ ಮೇಲೆ ನಂಬಿಕೆ ಹೋಗಿತ್ತು. ಡಾಕ್ಟರು ನಾಲ್ಕಾಯಿತು, ಐದಾಯಿತು ಎಂದು ಹೇಳಿದರೂ ಅವರು ತಲೆಯಾಡಿಸಿದರು ಅಷ್ಟೇ. ಅವರ ಪರೀಕ್ಷೆ ಬೇರೆ ಇತ್ತು. ನೀರು ಕೊಡ್ಲಾ ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿದ್ದರು, ಹ್ಞೂಂ ಎಂಬ ಉತ್ತರ ಕೇಳಿ ಕೊಡುತ್ತಿದ್ದರು.

ಶುಕ್ರವಾರ ಮಧ್ಯಾಹ್ನ ಮೂರೂವರೆಗೆ ಆಫೀಸಿನಲ್ಲಿ ನನಗೆ ರತ್ನಾವತಿಯವರ ಫೋನು ಬಂತು. ಭಾನುವಾರದಿಂದ ಮೊದಲ ಫೋನು. ನಾನು ಎದ್ದು ನಿಂತು ಎತ್ತಿದೆ.

"ಸಾರ್, ಕೇಣಿ" ಎಂದರು. ಅವರು ಹೇಳಿದ್ದು ಇಷ್ಟು. ಬೆಳಗ್ಗೆಯಿಂದ ಅಲ್ಲೇ ಕೂತು ತಲೆ ಸಿಡಿಯುತ್ತಿತ್ತು. ಈ ಸಲ ಗಂಡನಿಗೆ ಏನು ಬೇಕು ಎಂದು ಕೇಳಲೇ ಇಲ್ಲ. ಬೇಸರ ಬಂದು, ತಮ್ಮಷ್ಟಕ್ಕೆ, ಎದುರಿನ ಗೋಡೆಗೆ ಹೇಳುವ ಹಾಗೆ, "ನಂಗೊಂದು ಕಾಫಿ ಬೇಕು" ಎಂದರಂತೆ.

ಮಂಚದಿಂದ ಮಾತು ಬಂತು. "ಒಂದು ಕಾಫಿ" ಎಂದರು ಮಧ್ವರಾಜರು. ದನಿ ಒಡೆದಿತ್ತು. ಏನನ್ನೋ ಹುಡುಕುವವರ ಹಾಗೆ ಹೆಂಡತಿಯ ಮುಖ ನೋಡಿ, ಆಮೇಲೆ ಸೇರಿಸಿದರು: "ಸಕ್ರೆ ಹಾಕ್ದೆ."

ರತ್ನಾವತಿಯವರಿಗೆ ಸಕ್ಕರೆ ಕಾಯಿಲೆ ಶುರುವಾಗಿ ಆರು ವರ್ಷ.

"ನಾ ಸಕ್ರೆ ಸುದ್ದಿ ಹೇಳ್ಲೇ ಇಲ್ಲ ಸಾರ್" ಎಂದು ಅವರು ಫೋನಿನಲ್ಲಿ ಮತ್ತೆ ಮತ್ತೆ ಹೇಳಿದರು. "ಯಾರೂ ಹೇಳಿಕೊಡ್ಲಿಲ್ಲ. ಲಕೋಟೆಯಲ್ಲೂ ಇರ್ಲಿಲ್ಲ." ಹೌದಮ್ಮಾ, ಇರಲಿಲ್ಲ ಎಂದೆ. ಅವರು ಅಳುತ್ತಿದ್ದರು, ನಾನೂ ಅತ್ತೆ. ಎದುರು ಮೇಜಿನ ಶಿವರಾಮು ಫೈಲು ಎತ್ತಿಕೊಂಡು ಹೊರಗೆ ಹೋದ.

ಗಂಟು ಹೋಯಿತೇ, ಕಣಗಳು ಕೆಲಸ ಮಾಡಿದವೇ ಎಂದು ತಿಳಿಯಲಿಕ್ಕೆ ತಿಂಗಳಾದ ಮೇಲೆ ಸ್ಕ್ಯಾನ್ ಮಾಡಬೇಕಿತ್ತು. ಅವತ್ತಿಗೆ ಅದು ಯಾರಿಗೂ ನೆನಪಾಗಲಿಲ್ಲ.

ನಾನು ಆಫೀಸಿನಿಂದ ನೇರ ಸೀತಾನದಿಗೆ ನಡೆದೆ. ಗಲ್ಲಾದ ಹತ್ತಿರ ನಿಂತು ಪದ್ಮನಾಭರಿಗೆ, "ಮಧ್ವರಾಜ್ ಆರ್ಡರ್ ತಗೊಂಡ್ರು" ಎಂದೆ. ಅವರಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಪೇಪರನ್ನು ಮಡಚಿ ಕೆಳಗಿಟ್ಟು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ನನ್ನ ಮೇಜಿಗೆ ಹೋಗಿ ಕೂತು ಒಂದು ಕಾಫಿ ಹೇಳಿದೆ. ಸುಕೇಶ್ ಎಂಬ ಹೊಸ ಸಪ್ಲೈಯರ್ "ಒಂದು ಕಾಫಿ" ಎಂದು ಹೇಳಿ ಹೋಗಿ ತಂದ. ಡಿಕಾಕ್ಷನ್ ತೆಳ್ಳಗಿತ್ತು, ಸಕ್ಕರೆ ಪೂರ್ತಿ ಇತ್ತು. ಅವನು ವಾಪಸ್ಸು ಒಯ್ಯಲಿಕ್ಕೆ ತಯಾರಾಗಿ ಅಲ್ಲೇ ನಿಂತಿದ್ದ. ನಾನು ಒಂದು ಮಾತೂ ಆಡದೆ ಅದನ್ನು ಕೊನೆಯ ಗುಟುಕಿನವರೆಗೂ ಕುಡಿದೆ.